ಪಾರ್ಶ್ವವಾಯುವಿನ ನಂತರದ ಮೊದಲ ತೊಂಬತ್ತು ದಿನಗಳು: ಶೀಘ್ರ ಪುನಶ್ಚೇತನ ಮತ್ತು ಪಂಚಾಯತಿಯ ಹೊಣೆ

(ಅಧ್ಯಯನ ಲೇಖನ: ಗ್ರಾಮ ಪಂಚಾಯತಿ ಸದಸ್ಯರು, ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾಸಿಕ ಸಭೆಯಲ್ಲಿ ಓದಿ ಚರ್ಚಿಸುವ ಸಲುವಾಗಿ)

1. ಪೀಠಿಕೆ

ನಾನು ಕಾರ್ಯನಿರ್ವಹಿಸುತ್ತಿರುವ ಗ್ರಾಮ ಪಂಚಾಯತಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನೀರಗಂಟಿಯಾಗಿ ದುಡಿದವರೊಬ್ಬರಿದ್ದಾರೆ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆಂಬುದು ನಕ್ಷೆಯಲ್ಲಿ ಇರಲಿಲ್ಲ, ಅವರ ತಲೆಯಲ್ಲಿತ್ತು. ಒಂದು ಮುಂಜಾನೆ ಪಂಪ್‌ಹೌಸ್ ಬಾಗಿಲಲ್ಲೇ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಜೊತೆಯಲ್ಲಿದ್ದ ಹುಡುಗ ತಡಮಾಡದೆ 108ಕ್ಕೆ ಕರೆ ಮಾಡಿದ್ದರಿಂದ ಜೀವ ಉಳಿಯಿತು. ಒಂಬತ್ತನೆಯ ದಿನ ಅವರನ್ನು ಮನೆಗೆ ಕರೆತಂದರು.

ಆ ವಾರವೇ ಸಿಬ್ಬಂದಿಯೆಲ್ಲ ಸೇರಿ ಸಂಗ್ರಹಿಸಿದ ಹಣವನ್ನು ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಹೊರಡುವಾಗ, "ಅಣ್ಣಾ, ಇನ್ನು ಏನೂ ಚಿಂತೆ ಮಾಡಬೇಡಿ. ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಹೇಳಿ ಬಂದೆ. ಒಳ್ಳೆಯ ಮಾತನ್ನೇ ಆಡಿದೆನೆಂಬ ಸಮಾಧಾನ ನನಗಿತ್ತು.

ಏಳನೆಯ ವಾರದಲ್ಲಿ ರಜೆಯ ಕಾಗದಪತ್ರಗಳಿಗೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಪುನಃ ಹೋದಾಗ ಅವರು ಅದೇ ಮಂಚದ ಮೇಲೆ, ಅದೇ ಮಗ್ಗುಲಲ್ಲಿ ಮಲಗಿದ್ದರು. ಬಲಗೈ ಎದೆಗೆ ಅಂಟಿಕೊಂಡಂತೆ ಮಡಚಿ ಬಿಗಿದಿತ್ತು. ಹೆಬ್ಬೆಟ್ಟು ಬಿಡಿಸಲು ಹೋದರೆ ಭುಜದ ನೋವಿನಿಂದ ಮುಖ ಕಿವುಚಿದರು. ಸೊಂಟದ ಹಿಂಭಾಗದಲ್ಲಿ ಹಾಸಿಗೆ ಹುಣ್ಣಾಗಿತ್ತು. ಅವರ ಪತ್ನಿ ಹೇಳಿದ ಮಾತು ಇಷ್ಟೆ: "ಎಲ್ರೂ ರೆಸ್ಟ್ ತಗೊಳ್ಳಿ ಅಂದ್ರಲ್ಲ ಸಾರ್. ನೀವೂ ಅಂದ್ರಿ. ನಾವು ಅಲುಗಾಡಿಸ್ಲೇ ಇಲ್ಲ." ಆಸ್ಪತ್ರೆಯಿಂದ ತಂದ ಹಾಳೆಯನ್ನು ತೆಗೆಸಿ ನೋಡಿದೆ. ಔಷಧಗಳ ಪಟ್ಟಿಯ ಕೆಳಗೆ, ಕೊನೆಯ ಸಾಲಿನಲ್ಲಿ, ಫಿಸಿಯೊಥೆರಪಿ ಎಂಬ ಒಂದು ಪದ ಇಂಗ್ಲಿಷಿನಲ್ಲಿತ್ತು. ಆ ಮನೆಯಲ್ಲಿ ಅದನ್ನು ಓದುವವರಿರಲಿಲ್ಲ. ಓದಬಲ್ಲ ನಾನು ಮೊದಲ ಭೇಟಿಯಲ್ಲಿ ಹಾಳೆಯನ್ನು ಕೇಳಿರಲಿಲ್ಲ.

ಈ ಲೇಖನದ ಉದ್ದೇಶ ಆ ಒಂದು ಪದವನ್ನು ಬಿಡಿಸಿ ಹೇಳುವುದು. ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಪದವೀಧರ. ಯಾವ ರೋಗಿಗೆ ಯಾವ ವ್ಯಾಯಾಮ, ಎಷ್ಟು ಎಂಬುದನ್ನು ವೈದ್ಯರು ಮತ್ತು ಫಿಸಿಯೊಥೆರಪಿಸ್ಟರೇ ನಿರ್ಧರಿಸಬೇಕು. ಆದರೆ ಆಸ್ಪತ್ರೆಯ ಗೇಟಿನಿಂದ ಮನೆಯ ಹೊಸ್ತಿಲವರೆಗಿನ ದಾರಿಯಲ್ಲಿ ಆಗುವ ನಷ್ಟವನ್ನು ತಡೆಯುವುದು ನಮ್ಮೆಲ್ಲರ ಕೈಯಲ್ಲಿದೆ.

2. ಮಿದುಳಿನಲ್ಲಿ ಆಗುವುದೇನು?

ಪಾರ್ಶ್ವವಾಯು, ಅಂದರೆ ಜನರಾಡುವ ಲಕ್ವ, ಕೈಕಾಲಿನ ರೋಗವಲ್ಲ, ಮಿದುಳಿನ ರೋಗ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ ಹರಿವು ನಿಲ್ಲಬಹುದು, ಅಥವಾ ನಾಳವೇ ಒಡೆದು ರಕ್ತಸ್ರಾವವಾಗಬಹುದು. ಹೆಚ್ಚಿನ ಪ್ರಕರಣಗಳು ಮೊದಲನೆಯ ಬಗೆಯವು. ಮಿದುಳಿನ ಎಡಭಾಗ ದೇಹದ ಬಲಭಾಗವನ್ನೂ, ಬಲಭಾಗ ಎಡಭಾಗವನ್ನೂ ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಎಡಭಾಗದಲ್ಲಿರುವುದರಿಂದ, ಬಲಗೈ ಸೋತವರಲ್ಲಿ ಅನೇಕರಿಗೆ ಮಾತೂ ತೊಡಕಾಗುತ್ತದೆ.

ಸತ್ತ ನರಕೋಶಗಳು ಮರಳಿ ಹುಟ್ಟಿ ಆ ಜಾಗವನ್ನು ತುಂಬುವುದಿಲ್ಲ. ಆದರೆ ಉಳಿದ ಕೋಶಗಳು ತಮ್ಮ ನಡುವೆ ಹೊಸ ಸಂಪರ್ಕಗಳನ್ನು ಕಟ್ಟಿಕೊಂಡು, ಕಳೆದುಹೋದ ಕೆಲಸದ ಒಂದು ಪಾಲನ್ನು ವಹಿಸಿಕೊಳ್ಳಬಲ್ಲವು. ಮುಖ್ಯ ಪೈಪು ಒಡೆದಾಗ ಪಕ್ಕದ ಸಾಲಿನಿಂದ ಬೀದಿಗೆ ನೀರು ಹಾಯಿಸುವುದನ್ನು ನಾವು ಬಲ್ಲೆವು. ಇದೂ ಹೆಚ್ಚುಕಡಿಮೆ ಹಾಗೆಯೇ. ಮಿದುಳಿನ ಈ ಮಾರ್ಪಾಟು ತಾನಾಗಿ ಪೂರ್ಣಗೊಳ್ಳುವುದಿಲ್ಲ. ಬಳಸಿದ ಸಂಪರ್ಕ ಗಟ್ಟಿಯಾಗುತ್ತದೆ, ಬಳಸದ್ದು ಸೊರಗುತ್ತದೆ. ಲೋಟ ಹಿಡಿಯುವುದನ್ನು ಮರಳಿ ಕಲಿಯಬೇಕಾದರೆ ಲೋಟವನ್ನೇ ಹಿಡಿಯಲು ನೂರಾರು ಸಲ ಪ್ರಯತ್ನಿಸಬೇಕು. ಅಂಗವನ್ನು ಇನ್ನೊಬ್ಬರು ತಿಕ್ಕುವುದರಿಂದ ಈ ಕಲಿಕೆ ಆಗದು. ರೋಗಿಯ ಸ್ವಂತ ಪ್ರಯತ್ನವೇ ಇಲ್ಲಿ ಔಷಧ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೇ. 95ರಷ್ಟು ರೋಗಿಗಳು ದೈನಂದಿನ ಕೆಲಸಗಳಲ್ಲಿ ತಮಗೆ ಸಾಧ್ಯವಾದ ಅತ್ಯುತ್ತಮ ಮಟ್ಟವನ್ನು ಸುಮಾರು ಹನ್ನೆರಡೂವರೆ ವಾರಗಳೊಳಗೆ ತಲುಪಿದ್ದು ಕಂಡುಬಂದಿತು. ಅಂದರೆ ಮೊದಲ ಮೂರು ತಿಂಗಳು ಕಾಯುವ ಅವಧಿಯಲ್ಲ, ಕೆಲಸದ ಅವಧಿ. ಆ ಬಳಿಕ ಸುಧಾರಣೆ ಆಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಅಭ್ಯಾಸ ಮುಂದುವರಿಸಿದವರಲ್ಲಿ ತಿಂಗಳುಗಳ, ವರ್ಷಗಳ ನಂತರವೂ ಪ್ರಗತಿ ಕಾಣುತ್ತದೆ. ಆದರೆ ವೇಗ ಕಡಿಮೆ, ಶ್ರಮ ಹೆಚ್ಚು.

3. "ಶೀಘ್ರ" ಎಂದರೆ ಯಾವಾಗ?

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಒಂದು ನಾನು ಮಾಡಿದ್ದು, ಅಂದರೆ ವಿಶ್ರಾಂತಿಯ ಹೆಸರಿನಲ್ಲಿ ವಾರಗಳನ್ನು ಕಳೆಯುವುದು. ಇನ್ನೊಂದು, ಬೇಗ ಎಂದೊಡನೆ ಮೊದಲ ದಿನವೇ ರೋಗಿಯನ್ನು ಎಬ್ಬಿಸಿ ನಡೆಸಲು ಹೊರಡುವುದು.

ಎರಡನೆಯದರ ಕುರಿತು ಸ್ಪಷ್ಟ ಪುರಾವೆ ಇದೆ. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ಅವರ ನೇತೃತ್ವದಲ್ಲಿ 5 ದೇಶಗಳ 56 ಆಸ್ಪತ್ರೆಗಳಲ್ಲಿ, 2,104 ರೋಗಿಗಳ ಮೇಲೆ ನಡೆದ ಅವರ್ಟ್ ಎಂಬ ಪ್ರಯೋಗದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನವರನ್ನು ಮೊದಲ 24 ಗಂಟೆಗಳೊಳಗೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೊತ್ತು ಅಭ್ಯಾಸ ಮಾಡಿಸಲಾಯಿತು. ಇನ್ನೊಂದು ಗುಂಪಿಗೆ ಆಸ್ಪತ್ರೆಯ ವಾಡಿಕೆಯ ಆರೈಕೆ ನೀಡಲಾಯಿತು. ಮೂರು ತಿಂಗಳ ನಂತರ ಒಳ್ಳೆಯ ಸ್ಥಿತಿಯಲ್ಲಿದ್ದವರು ಮೊದಲ ಗುಂಪಿನಲ್ಲಿ ಶೇ. 46, ಎರಡನೆಯದರಲ್ಲಿ ಶೇ. 50. ಅತಿ ಬೇಗ ಮತ್ತು ಅತಿ ಹೆಚ್ಚು ಎಂಬುದು ಲಾಭ ತರಲಿಲ್ಲ; ತುಸು ಹಾನಿಯನ್ನೇ ತಂದಿತು. ಅದೇ ಪ್ರಯೋಗದ ಮುಂದಿನ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶ ಹೊರಬಿತ್ತು: ಒಮ್ಮೆಗೇ ದೀರ್ಘಕಾಲ ಎಬ್ಬಿಸಿ ಕೂರಿಸುವುದಕ್ಕಿಂತ, ಸ್ವಲ್ಪ ಸ್ವಲ್ಪ ಹೊತ್ತು, ಹೆಚ್ಚು ಸಲ ಎಬ್ಬಿಸಿದವರ ಫಲಿತಾಂಶ ಉತ್ತಮವಾಗಿತ್ತು. ವಾಡಿಕೆಯ ಆರೈಕೆಯ ಗುಂಪಿನವರು ವಾರಗಟ್ಟಲೆ ಮಲಗಿದ್ದವರಲ್ಲ ಎಂಬುದನ್ನೂ ಗಮನಿಸಬೇಕು. ಅವರಲ್ಲಿಯೂ ಬಹುಪಾಲು ಜನ ಒಂದೆರಡು ದಿನಗಳೊಳಗೆ ಹಾಸಿಗೆಯಿಂದ ಎದ್ದಿದ್ದರು.

ನಮ್ಮ ಕಾಮಗಾರಿಗಳಲ್ಲಿ ಕಾಂಕ್ರೀಟಿಗೆ ನೀರುಣಿಸುವ ಕ್ರಮವನ್ನು ನೆನೆದರೆ ಈ ಮಾತು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಹಾಕಿದ ಕೂಡಲೇ, ಇನ್ನೂ ಬಿಗಿಯುವ ಮೊದಲೇ ನೀರು ಸುರಿದರೆ ಮೇಲ್ಮೈ ಕೆಡುತ್ತದೆ. ಹಾಗೆಂದು ಮೊದಲ ವಾರ ಒಣಗಲು ಬಿಟ್ಟು, ತಿಂಗಳ ಬಳಿಕ ಕೊಡಗಟ್ಟಲೆ ಸುರಿದರೂ ಕಳೆದುಹೋದ ಬಲ ಪೂರ್ತಿ ಬರುವುದಿಲ್ಲ. ಸಕಾಲದಲ್ಲಿ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ, ಬಿಡದೆ ನೀರುಣಿಸಬೇಕು.

ಆದುದರಿಂದ ನೆನಪಿಡಬೇಕಾದ ಕ್ರಮ ಹೀಗಿದೆ: ಮೊದಲ ದಿನಗಳ ನಿರ್ಧಾರ ಆಸ್ಪತ್ರೆಯದು. ರೋಗಿಯ ಸ್ಥಿತಿ ಸ್ಥಿರಗೊಂಡು, ವೈದ್ಯರು ಒಪ್ಪಿದ ಕೂಡಲೇ ಅಭ್ಯಾಸ ಆರಂಭವಾಗಬೇಕು. ಮನೆಗೆ ಬಂದ ದಿನದಿಂದ ಅದು ಒಂದು ದಿನವೂ ನಿಲ್ಲಬಾರದು.

4. ಮನೆಯವರೇ ಸಾಕೇ?

ನಮ್ಮ ಹಳ್ಳಿಗಳಲ್ಲಿ ಫಿಸಿಯೊಥೆರಪಿಸ್ಟರು ವಿರಳ. ಆದ್ದರಿಂದ ಮನೆಯವರಿಗೇ ಕಲಿಸಿಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಲಾಗಿದೆ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳನ್ನು ಒಳಗೊಂಡ ಅಟೆಂಡ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳ ಕುಟುಂಬದವರಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಮನೆಯಲ್ಲಿ ಅಭ್ಯಾಸ ಮಾಡಿಸುವ ತರಬೇತಿಯನ್ನೂ ನೀಡಲಾಯಿತು. ಉಳಿದವರಿಗೆ ವಾಡಿಕೆಯ ಚಿಕಿತ್ಸೆ ಮಾತ್ರ. ಆರು ತಿಂಗಳ ನಂತರ ಮರಣ ಹೊಂದಿದವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ. 47ರಷ್ಟೇ ಇದ್ದರು.

ಈ ಫಲಿತಾಂಶವನ್ನು ಎರಡು ರೀತಿಯಲ್ಲಿ ತಪ್ಪಾಗಿ ಓದಬಹುದು. "ಹಾಗಾದರೆ ಮನೆಯಲ್ಲಿ ಏನು ಮಾಡಿದರೂ ವ್ಯರ್ಥ" ಎಂಬುದು ಒಂದು. ಪ್ರಯೋಗ ಹಾಗೆ ಹೇಳುವುದಿಲ್ಲ. ಮಗ್ಗುಲು ಬದಲಿಸುವುದು, ಸರಿಯಾಗಿ ಕೂರಿಸಿ ಉಣಿಸುವುದು, ಬೀಳದಂತೆ ಕಾಯುವುದು ಕುಟುಂಬವಿಲ್ಲದೆ ನಡೆಯುವ ಕೆಲಸಗಳಲ್ಲ. "ಕುಟುಂಬಕ್ಕೆ ಒಮ್ಮೆ ತರಬೇತಿ ಕೊಟ್ಟರೆ ವ್ಯವಸ್ಥೆಯ ಹೊಣೆ ತೀರಿತು" ಎಂಬುದು ಇನ್ನೊಂದು. ನಮ್ಮಂತಹ ಆಡಳಿತದ ಜನರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಹೊಲದ ಕೆಲಸ, ದನಕರು, ಮಕ್ಕಳು, ಕೂಲಿ ಎಲ್ಲವನ್ನೂ ಹೊತ್ತ ಒಬ್ಬ ಹೆಣ್ಣುಮಗಳ ಹೆಗಲಿಗೆ ಚಿಕಿತ್ಸಕಿಯ ಕೆಲಸವನ್ನೂ ಹೊರಿಸಿ ಕಡತ ಮುಚ್ಚುವುದು ಪರಿಹಾರವಲ್ಲ. ಕುಟುಂಬ ಅಭ್ಯಾಸ ಮಾಡಿಸಬೇಕು. ತಜ್ಞರು ನೋಡಿ ತಿದ್ದಬೇಕು. ಇಬ್ಬರ ನಡುವಿನ ದಾರಿಯನ್ನು ಪಂಚಾಯತಿ ತೆರೆದಿಡಬೇಕು.

5. ಮನೆಯಲ್ಲಿ ನಡೆಯಬೇಕಾದ ಕ್ರಮ

ಕೆಳಗಿನವು ಸಾಮಾನ್ಯ ಸೂಚನೆಗಳು. ರೋಗಿಯನ್ನು ಪರೀಕ್ಷಿಸಿದ ತಜ್ಞರು ಬೇರೆ ಹೇಳಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಅ) ಮಲಗಿಸುವ ರೀತಿ: ಎದ್ದು ಕೂರಲಾಗದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೋತ ತೋಳಿನ ಕೆಳಗೆ ದಿಂಬನ್ನಿಟ್ಟು ಭುಜಕ್ಕೆ ಆಧಾರ ಕೊಡಬೇಕು, ಬೆರಳುಗಳು ಬಿಚ್ಚಿರಲಿ. ಬೆನ್ನು, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ಚರ್ಮ ಕೆಂಪಾಗಿ, ಒತ್ತಿದರೂ ಬಣ್ಣ ಮಾಸದಿದ್ದರೆ ಅದು ಹುಣ್ಣಿನ ಮುನ್ಸೂಚನೆ.

ಆ) ಕೂರುವುದು: ಜೋಲುವ ಮಂಚ ಬೇಡ; ಗಟ್ಟಿಯಾದ ಮಂಚ, ಪಾದಗಳೆರಡೂ ನೆಲಕ್ಕೆ ತಾಗುವಂತಿರಲಿ. ಮೊದಲು ಕೆಲವೇ ನಿಮಿಷ, ದಿನಕ್ಕೆ ಹಲವು ಬಾರಿ. ತಲೆಸುತ್ತು ಬಂದರೆ ಪುನಃ ಮಲಗಿಸಬೇಕು. ಊಟ, ಮುಖ ತೊಳೆಯುವುದು, ಬಂದವರೊಡನೆ ಮಾತು ಎಲ್ಲವೂ ಕುಳಿತೇ ನಡೆದರೆ ಅದೇ ಅಭ್ಯಾಸವಾಗುತ್ತದೆ.

ಇ) ನುಂಗುವುದು: ಪಾರ್ಶ್ವವಾಯುವಿನಲ್ಲಿ ಗಂಟಲಿನ ಸ್ನಾಯುಗಳೂ ಸೋಲುತ್ತವೆ. ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಮಲಗಿಸಿ ನೀರನ್ನಾಗಲಿ ಗಂಜಿಯನ್ನಾಗಲಿ ಕುಡಿಸಕೂಡದು. ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಬೇಕು. ಊಟದ ನಂತರವೂ ಅರ್ಧ ಗಂಟೆ ಕೂತಿರಬೇಕು. ನುಂಗುವಾಗ ಕೆಮ್ಮು, ಗೊರಗೊರ ಧ್ವನಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕೇಳಬೇಕು.

ಈ) ಏಳುವುದು ಮತ್ತು ನಿಲ್ಲುವುದು: ಪಾದಗಳನ್ನು ತುಸು ಹಿಂದಕ್ಕೆಳೆದು, ಮುಂದಕ್ಕೆ ಬಾಗಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ಏಳಬೇಕು. ಕೂತು ಏಳುವ ಈ ಒಂದು ಅಭ್ಯಾಸ ಶೌಚಾಲಯಕ್ಕೆ, ಬಸ್ಸಿಗೆ, ನಡಿಗೆಗೆ ಎಲ್ಲಕ್ಕೂ ಅಡಿಪಾಯ. ಸಹಾಯಕರು ಸೋತ ಕಡೆಯಲ್ಲಿ ನಿಲ್ಲಬೇಕು. ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿ ಅಥವಾ ಟವೆಲನ್ನು ಹಿಡಿಯಬೇಕು. ಸೋತ ತೋಳನ್ನು ಹಿಡಿದು ಎತ್ತಬಾರದು.

ಉ) ನಡೆಯುವುದು: ಆಧಾರದಿಂದ ಸ್ಥಿರವಾಗಿ ನಿಲ್ಲಬಲ್ಲವರಿಗೆ, ಫಿಸಿಯೊಥೆರಪಿಸ್ಟರು ಹೇಳಿದ ಬಳಿಕ. ಕೋಲು ಬಲವಿರುವ ಕೈಯಲ್ಲಿರಬೇಕು. ಮೆಟ್ಟಿಲು ಏರುವಾಗ ಬಲವಿರುವ ಕಾಲು ಮೊದಲು. ಇಳಿಯುವಾಗ ಸೋತ ಕಾಲು ಮೊದಲು.

ಊ) ಕೈ ಮತ್ತು ಮಾತು: ಸ್ವಲ್ಪವಾದರೂ ಚಲನೆ ಇರುವ ಕೈಗೆ ಮನೆಯ ಕೆಲಸವನ್ನೇ ಕೊಡಬೇಕು. ಲೋಟ ಸರಿಸುವುದು, ಟವೆಲ್ ಮಡಚುವುದು, ಕಡಲೆಕಾಯಿ ಆರಿಸುವುದು. ಬಲವಿರುವ ಕೈಯೇ ಎಲ್ಲವನ್ನೂ ಮಾಡಿದರೆ ಸೋತ ಕೈ ಕಲಿಯುವುದನ್ನು ಬಿಡುತ್ತದೆ. ಮಾತು ಬಾರದವರು ಬುದ್ಧಿ ಕಳೆದುಕೊಂಡವರಲ್ಲ. ಚಿಕ್ಕ ವಾಕ್ಯದಲ್ಲಿ ಕೇಳಿ, ಉತ್ತರಕ್ಕೆ ಕಾಯಬೇಕು. ಅವರ ಎದುರಿನಲ್ಲಿಯೇ ಅವರ ಕುರಿತು ಬೇರೆಯವರೊಡನೆ ಮಾತಾಡಬಾರದು. ಮಂಕುತನ, ಅಳು, ಊಟದ ಅನಾಸಕ್ತಿ ಮುಂದುವರಿದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆಯಿದೆ.

6. ಮಾಡಬಾರದವುಗಳು

ಭುಜದ ಕೀಲು ಸಡಿಲಗೊಂಡಿರುವಾಗ ಜಂತಿಗೆ ರಾಟೆ ಕಟ್ಟಿ, ಹಗ್ಗದಿಂದ ತೋಳನ್ನು ಮೇಲಕ್ಕೆ ಎಳೆಯುವ ಅಭ್ಯಾಸ ಅನೇಕ ಮನೆಗಳಲ್ಲಿ ಕಾಣುತ್ತದೆ. ಎಂಜಿನಿಯರನಾದ ನನಗೆ ಅದು ಜಾಣ ಉಪಾಯವಾಗಿ ಕಂಡಿತ್ತು. ನಮ್ಮ ನೀರಗಂಟಿಯವರ ಮನೆಯಲ್ಲಿ ಕಟ್ಟಿಸಲೂ ಹೊರಟಿದ್ದೆ. ತಾಲ್ಲೂಕು ಆಸ್ಪತ್ರೆಯ ಫಿಸಿಯೊಥೆರಪಿಸ್ಟರು ತಡೆದರು. ಆಧಾರವಿಲ್ಲದ ಭುಜವನ್ನು ಹಾಗೆ ಎಳೆದರೆ ಕೀಲಿನ ಅಂಗಾಂಶಗಳಿಗೆ ಪೆಟ್ಟಾಗಿ ನೋವು ಕಾಯಂ ಆಗಬಹುದೆಂದು ವಿವರಿಸಿದರು.

ಸ್ಪರ್ಶಜ್ಞಾನ ಕುಂದಿದ ಕೈಕಾಲಿಗೆ ಬಿಸಿ ಶಾಖ, ಬಿಸಿನೀರಿನ ಚೀಲ ಇಡಬಾರದು. ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಬರೆ ಹಾಕಿಸುವುದರಿಂದ ಗಾಯವಲ್ಲದೆ ಬೇರೇನೂ ದೊರೆಯುವುದಿಲ್ಲ. ಎಣ್ಣೆ ಹಚ್ಚಿ ಮೃದುವಾಗಿ ನೀವುವುದು ಹಿತ ಕೊಟ್ಟೀತು. ಆದರೆ ಅದು ಅಭ್ಯಾಸಕ್ಕೆ ಬದಲಿಯಲ್ಲ, ಬಲವಂತದ ಮಾಲೀಸು ಅಪಾಯಕರ. ಪಥ್ಯದ ಹೆಸರಿನಲ್ಲಿ ಬೇಳೆ, ಮೊಟ್ಟೆ, ಹಾಲುಗಳನ್ನು ನಿಲ್ಲಿಸಿದರೆ ಸ್ನಾಯುಗಳು ಇನ್ನಷ್ಟು ಕರಗುತ್ತವೆ. ಕಡಿಮೆ ಮಾಡಬೇಕಾದುದು ಉಪ್ಪು. ನಾಟಿ ಔಷಧಕ್ಕೆ ಹೋಗುವವರು ರಕ್ತದೊತ್ತಡದ ಮತ್ತು ಹೆಪ್ಪು ತಡೆಯುವ ಮಾತ್ರೆಗಳನ್ನು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಎರಡನೆಯ ಆಘಾತ ಈ ದಾರಿಯಲ್ಲಿಯೇ ಬರುತ್ತದೆ.

ಅಭ್ಯಾಸದ ವೇಳೆ ಎದೆನೋವು, ಏದುಸಿರು, ತೀವ್ರ ತಲೆನೋವು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸಬೇಕು. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿ ಹೆಪ್ಪು ಕಟ್ಟಿರಬಹುದು, ತಿಕ್ಕಬಾರದು. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಹೊಸದಾಗಿ ಕಂಡರೆ 108ಕ್ಕೆ ಕರೆ ಮಾಡಿ, ಶುರುವಾದ ಗಳಿಗೆಯನ್ನು ಬರೆದಿಟ್ಟುಕೊಳ್ಳಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅರ್ಹರಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

7. ಮನೆಯ ಅಳತೆ

ರೋಗಿ ಶೌಚಾಲಯಕ್ಕೆ ತಾನೇ ಹೋಗಬಲ್ಲನೇ ಎಂಬುದರ ಮೇಲೆ ಅವನ ಮಾನ, ಮನೆಯವರ ದುಡಿಮೆ, ದಿನದ ಅಭ್ಯಾಸ ಮೂರೂ ನಿಂತಿವೆ. ನೀರಗಂಟಿಯವರ ಮನೆಯ ಶೌಚಾಲಯವನ್ನು ನಮ್ಮ ಪಂಚಾಯತಿಯೇ ಮಂಜೂರು ಮಾಡಿತ್ತು. ಅಳತೆ ಪುಸ್ತಕದಲ್ಲಿ ಎಲ್ಲವೂ ಸರಿ. ಆದರೆ ಏರಲು ಎರಡು ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಒಳಗೆ ಕುಕ್ಕರಗಾಲಿನ ಬೇಸಿನ್. ಬಿಲ್ಲಿಗೆ ಸಹಿ ಹಾಕಿದ್ದವನು ನಾನೇ.

ಬದಲಾವಣೆಗೆ ದೊಡ್ಡ ಅಂದಾಜುಪಟ್ಟಿ ಬೇಕಾಗಿಲ್ಲ. ಇಳಿಜಾರು ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು; ಅಂದರೆ 15 ಸೆಂ.ಮೀ. ಎತ್ತರಕ್ಕೆ 1.8 ಮೀಟರ್. ಇದಕ್ಕಿಂತ ಕಡಿದಾದ ಇಳಿಜಾರು ಮೆಟ್ಟಿಲಿಗಿಂತ ಅಪಾಯಕಾರಿ. ಜಾಗವಿಲ್ಲದಿದ್ದರೆ ಎತ್ತರವಾದ ಒಂದು ಮೆಟ್ಟಿಲನ್ನು ಎರಡು ಗಿಡ್ಡ ಮೆಟ್ಟಿಲುಗಳಾಗಿ ಒಡೆದು, ಪಕ್ಕದಲ್ಲಿ ಹಿಡಿಕೆ ಕಂಬಿ ಹಾಕಬಹುದು. ಕಂಬಿ ನೆಲದಿಂದ 80ರಿಂದ 90 ಸೆಂ.ಮೀ. ಎತ್ತರದಲ್ಲಿರಲಿ; ಗೋಡೆಗೂ ಕಂಬಿಗೂ ಬೆರಳುಗಳು ಸುತ್ತುವಷ್ಟು, ಸುಮಾರು 5 ಸೆಂ.ಮೀ. ಅಂತರವಿರಲಿ. ಕುರ್ಚಿಯ ಎತ್ತರ ಮೊಣಕಾಲಿನ ಮಟ್ಟಕ್ಕಿರಲಿ. ಬೇಸಿನ್ ಒಡೆಯದೆ, ಅದರ ಮೇಲೆ ನಿಲ್ಲಿಸುವ ಕಮೋಡ್ ಕುರ್ಚಿಯನ್ನು ಇಡಬಹುದು. ಒದ್ದೆ ನೆಲಕ್ಕೆ ಒರಟು ಹಾಸುಗಲ್ಲು, ರಾತ್ರಿಗೆ ದೀಪ.

ಕಂಬಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಇನ್ನೊಬ್ಬರಿಗೆ ಪಾಠವಾಗಲಿ. ಬಲವಿರುವುದು ಎಡಗೈ ಎಂದು, ಹೋಗುವಾಗ ಎಡಕ್ಕೆ ಬರುವಂತೆ ಒಂದೇ ಕಡೆ ಕಂಬಿ ಹಾಕಿಸಿದೆ. ಹೋಗುವುದೇನೋ ಸಲೀಸಾಯಿತು. ಹಿಂದಿರುಗುವಾಗ ಅದೇ ಕಂಬಿ ಸೋತ ಬಲಗೈಯ ಪಕ್ಕಕ್ಕೆ ಬಂದಿತು. ಅವರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಮಾತಿರಲಿಲ್ಲ, ಆದರೆ ಅರ್ಥವಾಯಿತು. ಮರುದಿನ ಇನ್ನೊಂದು ಬದಿಗೂ ಪೈಪು ಹಾಕಿಸಿದೆವು. ಇಂತಹ ಕೆಲಸಗಳಲ್ಲಿ ಬಳಸುವವರನ್ನೇ ನಡೆಸಿ ನೋಡದೆ ಅಳತೆ ಮುಗಿಯಿತೆಂದು ಬರೆಯಬಾರದು.

8. ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿಯು ತನ್ನ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕೆಂಬುದು ನಮಗೆ ತಿಳಿದಿರುವ ವಿಷಯ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ಅನೇಕ ಸೌಲಭ್ಯಗಳಿಗೆ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ತೊಡಕಿರುವುದು ಇಲ್ಲಿ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ದೊರೆಯುವುದು ಸಾಮಾನ್ಯವಾಗಿ ರೋಗಿಯ ಸ್ಥಿತಿ ಸ್ಥಿರಗೊಂಡ ಮೇಲೆ. ಆದರೆ ನೆರವು ಬೇಕಾದುದು ಅದಕ್ಕೂ ಮೊದಲು, ವೈಕಲ್ಯವನ್ನು ಇನ್ನೂ ತಗ್ಗಿಸಬಹುದಾದ ದಿನಗಳಲ್ಲಿ. ಕಾಗದ ಕೈಗೆ ಬರುವ ಹೊತ್ತಿಗೆ ಕಾಲ ಕಳೆದಿರುತ್ತದೆ.

ಆದ್ದರಿಂದ ಹೊಸ ಯೋಜನೆಗೆ ಕಾಯದೆ ಕೈಗೊಳ್ಳಬಹುದಾದ ಐದು ಕ್ರಮಗಳನ್ನು ಇಲ್ಲಿ ಸೂಚಿಸಲಾಗಿದೆ.

ಒಂದು: ಪಾರ್ಶ್ವವಾಯು ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಏಳು ದಿನಗಳೊಳಗೆ ಆಶಾ ಕಾರ್ಯಕರ್ತೆ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಜೊತೆಯಾಗಿ ಭೇಟಿ ನೀಡುವುದು. ಬಿಡುಗಡೆಯ ಹಾಳೆಯನ್ನು ಕೇಳಿ, ಅದರ ಪ್ರತಿ ಸಾಲನ್ನೂ ಕನ್ನಡದಲ್ಲಿ ಮನೆಯವರಿಗೆ ವಿವರಿಸುವುದು. ಅರ್ಥವಾಗದ್ದನ್ನು ಸಮುದಾಯ ಆರೋಗ್ಯ ಅಧಿಕಾರಿಯಿಂದ ಕೇಳಿ ತಿಳಿಯುವುದು.

ಎರಡು: ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿಸ್ಟರು ಯಾವ ದಿನಗಳಲ್ಲಿ ಲಭ್ಯರೆಂಬುದನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಬರೆಸುವುದು; ಮೊದಲ ಭೇಟಿಗೆ ವಾಹನ ಗೊತ್ತುಮಾಡಲು ಮನೆಯವರಿಗೆ ನೆರವಾಗುವುದು. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನ ಚಿಕಿತ್ಸಾಲಯದ ಕುರಿತು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಸುವುದು.

ಮೂರು: ಸಾಮಾನ್ಯ ಸಭೆಯ ನಿರ್ಣಯದೊಂದಿಗೆ, ನಿಯಮಾನುಸಾರ, ಒಂದೆರಡು ಕಮೋಡ್ ಕುರ್ಚಿ, ಒಂದು ವಾಕರ್, ಒಂದು ಗಾಲಿಕುರ್ಚಿಯನ್ನು ಪಂಚಾಯತಿಯ ಆಸ್ತಿಯಾಗಿ ಖರೀದಿಸಿ ಎರವಲು ಕೊಡುವುದು. ಗ್ರಂಥಾಲಯದ ಪುಸ್ತಕದಂತೆ ವಹಿಯಲ್ಲಿ ಬರೆದು ಕೊಟ್ಟು, ಕೆಲಸ ಮುಗಿದ ಬಳಿಕ ಮರಳಿ ಪಡೆದು ಮತ್ತೊಬ್ಬರಿಗೆ ಕೊಡಬಹುದು.

ನಾಲ್ಕು: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಪ್ರತಿ ರೋಗಿಯ ಬಗ್ಗೆ ನಾಲ್ಕೇ ಪ್ರಶ್ನೆ ಕೇಳುವುದು: ಕೂರುತ್ತಾರೆಯೇ? ನಿಲ್ಲುತ್ತಾರೆಯೇ? ಮಾತ್ರೆ ತಪ್ಪದೆ ನುಂಗುತ್ತಾರೆಯೇ? ನೋಡಿಕೊಳ್ಳುವವರು ಹೇಗಿದ್ದಾರೆ? ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಅದನ್ನು ತಪ್ಪದೆ ಕೇಳಬೇಕು.

ಐದು: ಉಪಕೇಂದ್ರದಲ್ಲಿ ಮೂವತ್ತು ವರ್ಷ ದಾಟಿದ ಎಲ್ಲರ ರಕ್ತದೊತ್ತಡ ಪರೀಕ್ಷೆಗೆ ಪ್ರಚಾರ ಮಾಡುವುದು, ಮೊದಲು ನಮ್ಮ ಸಿಬ್ಬಂದಿಯಿಂದಲೇ. ನಮ್ಮ ನೀರಗಂಟಿಯವರು ತಮ್ಮ ರಕ್ತದೊತ್ತಡವನ್ನು ಅದುವರೆಗೆ ಒಮ್ಮೆಯೂ ಅಳೆಸಿಕೊಂಡಿರಲಿಲ್ಲ. ಟ್ಯಾಂಕಿನ ಮಟ್ಟವನ್ನು ದಿನವೂ ಅಳೆಯುತ್ತಿದ್ದವರು ಅವರು.

9. ಮುಕ್ತಾಯ

ಏಳನೆಯ ವಾರದ ಬಳಿಕ ಅಭ್ಯಾಸ ಆರಂಭವಾಯಿತು. ಮೊದಲು ಹುಣ್ಣು ಮಾಯಬೇಕಾಯಿತು, ಭುಜದ ನೋವು ತಗ್ಗಬೇಕಾಯಿತು. ಅದಕ್ಕೇ ತಿಂಗಳಿಗೂ ಮಿಕ್ಕಿ ಹಿಡಿಯಿತು. ಈಗ ಅವರು ಎಡಗೈಯಲ್ಲಿ ಕೋಲು ಹಿಡಿದು ಬೀದಿಯ ತುದಿಯವರೆಗೆ ನಡೆಯುತ್ತಾರೆ. ಸಣ್ಣ ಮಾತುಗಳು ಮರಳಿವೆ. ಬಲಗೈ ಮಾತ್ರ ಮರಳಲಿಲ್ಲ. ಮೊದಲ ವಾರದಲ್ಲಿಯೇ ಆರಂಭಿಸಿದ್ದರೆ ಆ ಕೈ ಪುನಃ ವಾಲ್ವ್ ತಿರುಗಿಸುತ್ತಿತ್ತೇ? ಮಿದುಳಿನಲ್ಲಿ ಎಷ್ಟು ಹಾನಿಯಾಗಿತ್ತೆಂಬುದರ ಮೇಲೆ ಅದು ನಿಂತಿರುವುದರಿಂದ, ಹೌದೆಂದು ಯಾರೂ ಹೇಳಲಾರರು. ಹುಣ್ಣು, ಬಿಗಿದ ಕೀಲು, ನೋವು ಇವು ಮಾತ್ರ ಮಿದುಳು ಕೊಟ್ಟವಲ್ಲ. ಅವನ್ನು ನಮ್ಮ ವಿಶ್ರಾಂತಿಯ ಸಲಹೆ ಕೊಟ್ಟಿತು. ಅವುಗಳನ್ನು ತಪ್ಪಿಸಬಹುದಿತ್ತು.

ವಾರಕ್ಕೆರಡು ದಿನ ಅವರು ಪಂಪ್‌ಹೌಸ್‌ಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಹೊಸ ಹುಡುಗ ತಪ್ಪು ವಾಲ್ವಿಗೆ ಕೈ ಹಾಕಿದರೆ ಕೋಲಿನಿಂದ ನೆಲ ಕುಟ್ಟುತ್ತಾರೆ. ಸರಿಯಾದದ್ದನ್ನು ಮುಟ್ಟುವವರೆಗೂ ಬಿಡುವುದಿಲ್ಲ. ಅವರು ತೋರಿಸಿದಂತೆ ಕೊಳವೆ ಸಾಲುಗಳ ನಕ್ಷೆಯನ್ನು ಈಗ ಬರೆದಿಟ್ಟುಕೊಂಡಿದ್ದೇವೆ.

ಇನ್ನು ಮುಂದೆ ಪಾರ್ಶ್ವವಾಯು ರೋಗಿಯ ಮನೆಗೆ ಹೋದಾಗ ನಮ್ಮ ಬಾಯಿಂದ ಮೊದಲು ಬರಬೇಕಾದ ಮಾತು, "ವಿಶ್ರಾಂತಿ ತೆಗೆದುಕೊಳ್ಳಿ" ಎಂಬುದಲ್ಲ. "ಆಸ್ಪತ್ರೆಯವರು ಕೊಟ್ಟ ಹಾಳೆ ಎಲ್ಲಿದೆ, ಸ್ವಲ್ಪ ಕೊಡಿ" ಎಂಬುದು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾದವರು ಯಾರು ಯಾರು? ಅವರಲ್ಲಿ ಫಿಸಿಯೊಥೆರಪಿಸ್ಟರನ್ನು ಒಮ್ಮೆಯಾದರೂ ಕಂಡವರು ಎಷ್ಟು ಮಂದಿ?

2. ನಮ್ಮ ಊರಿನಿಂದ ಹತ್ತಿರದ ಫಿಸಿಯೊಥೆರಪಿ ಸೌಲಭ್ಯಕ್ಕೆ ಎಷ್ಟು ದೂರ? ನಡೆಯಲಾಗದ ಒಬ್ಬ ರೋಗಿ ಅಲ್ಲಿಗೆ ತಲುಪಲು ಎಷ್ಟು ಖರ್ಚು?

3. ಪಂಚಾಯತಿ ಕಚೇರಿ, ಉಪಕೇಂದ್ರ, ನ್ಯಾಯಬೆಲೆ ಅಂಗಡಿಗಳ ಮೆಟ್ಟಿಲುಗಳನ್ನು ಕೋಲು ಹಿಡಿದವರು ಏರಬಲ್ಲರೇ? ಈ ಸಭೆ ಮುಗಿದ ಕೂಡಲೇ ಟೇಪು ಹಿಡಿದು ಅಳೆದು, ವಹಿಯಲ್ಲಿ ದಾಖಲಿಸಿ.